ಮೊಮ್ಮಗಳ ಹಾಡಿಗೆ ಬೆಳಕಿನ ವಾಯರು

ನನ್ನ ಮೊಮ್ಮಗಳು ಹಾಡುತ್ತಾಳೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಮಿಕ್ಕದ್ದೆಲ್ಲ ಆಮೇಲೆ. ಔರಾದದ ಅವಳ ಶಾಲೆಯ ವಾರ್ಷಿಕ ಕಾರ್ಯಕ್ರಮದಲ್ಲಿ, ಒಂಬತ್ತು ವರ್ಷದ ಹುಡುಗಿ, ತಾಯಿಯ ಸೀರೆಯನ್ನು ಅರ್ಧಕ್ಕೆ ಮಡಚಿ ಉಟ್ಟುಕೊಂಡು, ಮೈಕಿನ ಮುಂದೆ ಒಬ್ಬಳೇ ನಿಂತು ಹಾಡಿದಳು. ನಾನು ಕಣ್ಣಾರೆ ನೋಡಿದೆ. ಕೇಳಿದೆ ಎಂದು ಬರೆಯಲು ಮಾತ್ರ ಕೈ ಏಳುವುದಿಲ್ಲ.

ಭಾಲ್ಕಿಯಲ್ಲಿ ಮೂವತ್ತೆಂಟು ವರ್ಷ ಹಿಟ್ಟಿನ ಗಿರಣಿ ನಡೆಸಿದವನು ನಾನು. ಜೋಳದ ಜೊತೆಗೆ ನನ್ನ ಕಿವಿಗಳೂ ಅರ್ಧ ಬೀಸಿಹೋಗಿವೆ. ಅವಳ ತುಟಿ ಅಲ್ಲಾಡುವುದು ಕಂಡಿತು, ಜನ ಚಪ್ಪಾಳೆ ತಟ್ಟಿದ್ದು ಕಂಡಿತು. ಎಲ್ಲರಿಗಿಂತ ಜೋರಾಗಿ ನಾನೂ ತಟ್ಟಿದೆ. ವೇದಿಕೆಯಿಂದ ಇಳಿದವಳೇ ಸೀರೆ ಎತ್ತಿಕೊಂಡು ನನ್ನ ಹತ್ತಿರ ಓಡಿ ಬಂದಳು.

"ಮುತ್ಯಾ, ಹ್ಯಾಂಗ ಹಾಡಿದೆ?"

"ಏನ್ ಹಾಡಿದಿ ನನ್ನವ್ವಾ! ಒಂದು ಅಕ್ಷರ ತಪ್ಪಿಲ್ಲ ನೋಡು!"

"ಖರೇ?"

"ಖರೇ ಅಂದ್ರ ಖರೇ!"

ಹುಡುಗಿ ನನ್ನನ್ನು ಒಂದು ಥರಾ ನೋಡಿತು. ನಾಚಿಕೊಂಡಿದ್ದಾಳೆ ಎಂದುಕೊಂಡೆ. ಆದರೆ ಆಡಿದ ಸುಳ್ಳು ಅಲ್ಲಿಗೇ ಮುಗಿಯಲಿಲ್ಲ. ಭಾಲ್ಕಿಯಲ್ಲಿ ಕಂಡಕಂಡವರ ಮುಂದೆ ಮೊಮ್ಮಗಳನ್ನು ಹೊಗಳುತ್ತಿದ್ದೆ, ಅವರು "ಯಾವ ಹಾಡ್ರಿ?" ಎಂದರೆ ಆಕಾಶ ನೋಡುತ್ತಿದ್ದೆ. ಆ ಹಾಡನ್ನು ಒಮ್ಮೆಯಾದರೂ ಕೇಳಲೇಬೇಕಿತ್ತು.

ಶಾಲೆಯವರು ತೆಗೆದ ವಿಡಿಯೋ ಅಳಿಯನ ಬಳಿ ಇತ್ತು. ಭಾನುವಾರ ತಂದು ನಮ್ಮ ಟಿವಿಯಲ್ಲಿ ತೋರಿಸುತ್ತೇನೆ ಎಂದ. ನಮ್ಮ ಹೊಸ ಟಿವಿ ರೊಟ್ಟಿಯಷ್ಟು ತೆಳ್ಳಗಿದೆ, ದನಿಯೂ ಅಷ್ಟೇ ತೆಳ್ಳಗೆ. ಗಿರಣಿ ಮುಚ್ಚಿದಾಗ ಆಸೆಪಟ್ಟು ತಂದ ಆಂಪ್ಲಿಫೈಯರ್ ಮನೆಯಲ್ಲಿದೆ, ಜೋಳದ ಚೀಲದಷ್ಟು ಎತ್ತರದ ಎರಡು ಸ್ಪೀಕರ್ ಇವೆ. ಹಳೆಯ ಟಿವಿಗೆ ಕೆಂಪು, ಬಿಳಿ ಪಿನ್ನು ಚುಚ್ಚಿದರೆ ಸಾಕಿತ್ತು. ಹೊಸದಕ್ಕೆ ಆ ತೂತುಗಳೇ ಇಲ್ಲ.

"ಮಾವಾರ, ಇದಕ್ಕ ಆಪ್ಟಿಕಲ್ ವಾಯರ್ ಬೇಕ್ರಿ. ಬೀದರದಾಗ ಸಿಗ್ತದ," ಎಂದು ಅಳಿಯ ಫೋನಿನಲ್ಲಿ ಕೂಗಿ ಹೇಳಿದ.

ಮರುದಿನವೇ ಬೀದರಿನ ಬಸ್ಸು ಹತ್ತಿದೆ. ಅಂಗಡಿಯವನು ಒಂದು ಕರಿ ವಾಯರು ತೆಗೆದು, ತುದಿಯ ಸಣ್ಣ ಪ್ಲಾಸ್ಟಿಕ್ ಟೋಪಿಗಳನ್ನು ಕಳಚಿ, ಒಂದು ಕಡೆ ತನ್ನ ಟಿವಿಗೆ ಸಿಕ್ಕಿಸಿ ಇನ್ನೊಂದು ತುದಿಯನ್ನು ನನ್ನ ಅಂಗೈಗೆ ಹಿಡಿದ. ಅಂಗೈ ಮೇಲೆ ಗುಲಗಂಜಿಯಂಥ ಕೆಂಪು ಬೆಳಕು!

"ಇದ್ರಾಗ ಕರೆಂಟ್ ಹರಿಯಂಗಿಲ್ರಿ ಕಾಕಾ. ಟಿವಿ ಅವಾಜ್‌ನ ಬೆಳಕು ಮಾಡಿ ಕಳಸ್ತದ, ಆ ಕಡಿ ಆಂಪ್ಲಿಫೈಯರ್ ಬೆಳಕನ್ನ ಮತ್ತ ಅವಾಜ್ ಮಾಡ್ತದ."

"ಅಂದ್ರ ನನ್ನ ಮೊಮ್ಮಗಳ ಹಾಡು ಇದರಾಗ ದೀಪ ಆಗಿ ಬರ್ತದ?"

"ಬಿಲ್ಕುಲ್."

"ಆಕಿ ನಡುವ ಉಸಿರು ತಗೊಂಡ್ರ ದೀಪ ಆರ್ತದೇನು?"

ಅವನು ಹಣೆ ಒತ್ತಿಕೊಂಡ. "ಕಾಕಾ, ಹಿಂದ ಗಿರಾಕಿ ನಿಂತಾರ. ಎರಡ ಮಾತು ನೆಪ್ಪಿಡ್ರಿ. ಮಡಚಬ್ಯಾಡ್ರಿ. ಹಚ್ಚೋ ಮುಂದ ಟೋಪಿ ತಗೀರಿ."

ಮಡಚಬಾರದೆಂದು ದುಂಡಗೆ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಪಕ್ಕದಲ್ಲಿ ಹಲಬರ್ಗಾದಲ್ಲಿ ಇಳಿಯುವ ಹೆಣ್ಣುಮಗಳು. ಅಷ್ಟು ಜೋಪಾನ ನೋಡಿ ಅವಳಿಗೆ ತಡೆಯಲಾಗಲಿಲ್ಲ.

"ಯಣ್ಣಾ, ಅದರಾಗ ಏನದರೀ?"

"ನನ್ನ ಮೊಮ್ಮಗಳ ಹಾಡು ಇದರಾಗಿಂದ ಬರೋದದ ತಂಗಿ. ಬೆಳಕಾಗಿ."

ಅವಳು ಸೆರಗು ಸರಿಮಾಡಿಕೊಂಡು ಹಿಂದಿನ ಸೀಟಿಗೆ ಹೋದಳು.

ಭಾನುವಾರ ಬೆಳಿಗ್ಗೆ, ಅಳಿಯ ಬರುವ ಮುಂಚೆ ಎಲ್ಲ ತಯಾರು ಮಾಡಿಡೋಣವೆಂದು ಕೂತೆ. ಟೋಪಿಗಳನ್ನು ನೆನಪಿನಿಂದ ತೆಗೆದೆ. ಗಿರಣಿಗೆ ಹೊಸ ಪಟ್ಟಾ ಬರಲಿ, ಹೊಸ ಕಲ್ಲು ಬರಲಿ, ವಿಭೂತಿ ಕುಂಕುಮ ಹಚ್ಚದೆ ನಾನು ಎಂದೂ ಚಾಲೂ ಮಾಡಿದವನಲ್ಲ. ಇದಕ್ಕೂ ಹಚ್ಚಬೇಕಲ್ಲ? ಆದರೆ ಶಾವಿಗೆಯಂಥ ವಾಯರಿಗೆ ಹಣೆ ಎಲ್ಲಿದೆ? ದೀಪ ಕಾಣುವ ಜಾಗವೇ ಹಣೆ ಎಂದು ತೀರ್ಮಾನಿಸಿದೆ. ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳು ಹಿಡಿಸದ್ದಕ್ಕೆ ಕಿರುಬೆರಳಿನಿಂದ ಎರಡೂ ತುದಿಗೆ ದಪ್ಪಗೆ ಹಚ್ಚಿದೆ. ನಡುವೆ ಕುಂಕುಮ. ಒಣಗಿದ ಮೇಲೆ ಒಂದನ್ನು ಟಿವಿಗೆ, ಇನ್ನೊಂದನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿ, ಕೈಮುಗಿದೆ.

ಮಗಳು, ಅಳಿಯ, ಮೊಮ್ಮಗಳು ಬಂದರು. ನಾನು ಕರೆದಿದ್ದಕ್ಕೆ ಓಣಿಯವರೂ ಬಂದು ಚಾಪೆ ತುಂಬ ಕೂತರು. ದೊಡ್ಡ ಸ್ಪೀಕರಿನಿಂದಷ್ಟೇ ಬರಲೆಂದು ಟಿವಿಯ ಸ್ವಂತ ದನಿ ಬಂದ್ ಮಾಡಿ, ಅಳಿಯ ವಿಡಿಯೋ ಹಚ್ಚಿದ. ಟಿವಿಯಲ್ಲಿ ಮೊಮ್ಮಗಳು ಬಾಯಿ ತೆರೆದಳು. ನನಗೆ ಏನೂ ಕೇಳಿಸಲಿಲ್ಲ. ಸುತ್ತ ನೋಡಿದೆ. ಯಾರಿಗೂ ಕೇಳಿಸಿರಲಿಲ್ಲ.

"ಅಳಿಯಾರ, ಟ್ರ್ಯಾಕ್ಟರ್ ರಿಪೇರಿ ಬ್ಯಾರೆ, ಇದು ಬ್ಯಾರೆ," ಎಂದೆ.

ಔರಾದದಲ್ಲಿ ಟ್ರ್ಯಾಕ್ಟರ್ ಗ್ಯಾರೇಜು ಇಟ್ಟಿರುವ ಅಳಿಯ ಬೆವರುತ್ತ ಟಿವಿಯ ಹಿಂದೆ ತಲೆ ತೂರಿಸಿದ. "ಮಾವಾರ, ವಾಯರ್ ಬರಾಬರ್ ಕೂಡ್ಸೀರಿಲ್ರಿ?"

"ಮೂವತ್ತೆಂಟು ವರ್ಷ ಗಿರಣಿ ನಡಸೀನಿ. ನನಗ ಕೇಳ್ತೀರಿ?"

ನನ್ನ ಹೆಂಡತಿ ಓಣಿಯವರ ಕಡೆ ತಿರುಗಿ, "ಕೂಡ್ರಿ, ಮೂಕ ಸಿನಿಮಾ ಮುಗದ ಮ್ಯಾಲ ಹುಗ್ಗಿ ಅದ," ಎಂದಳು. ಬೀದರಿನ ಅಂಗಡಿಯವನು ನನಗೆ ಟೋಪಿ ಹಾಕಿದ್ದಾನೆಂದು ಒಬ್ಬರು ಹೇಳಿದರು. ನಾನು ಹೌದೆಂದು ಸಿಟ್ಟಿಗೆದ್ದೆ.

ಅಷ್ಟರಲ್ಲಿ ಮೊಮ್ಮಗಳು ಆಂಪ್ಲಿಫೈಯರಿನಿಂದ ತುದಿ ಕಿತ್ತು ಕಣ್ಣ ಹತ್ತಿರ ಹಿಡಿದಳು.

"ಮುತ್ಯಾ, ಇದಕ್ಕ ವಿಭೂತಿ ಯಾರು ಹಚ್ಚ್ಯಾರ?"

ನಾನು ಚಷ್ಮಾ ತೆಗೆದು ಬಟ್ಟೆಯಿಂದ ಒರೆಸತೊಡಗಿದೆ. ಅಳಿಯ ಟಿವಿಯ ಹಿಂದಿನಿಂದ ನಿಧಾನಕ್ಕೆ ಎದ್ದು ನಿಂತ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವನು ನನ್ನೆದುರು ಹಲ್ಲು ಬಿಟ್ಟು ನಕ್ಕದ್ದು ಅದೇ ಮೊದಲು. "ಮಾವಾರ, ಬೆಳಕು ಬರೋ ಬಾಗಲಿಗೇ ಸುಣ್ಣ ಬಳದೀರಲ್ರೀ!"

"ಪುಣ್ಯಾಕ್ಕ ಟಿವಿ ಮ್ಯಾಲ ಕಾಯಿ ಒಡೀಲಿಲ್ಲ," ಎಂದಳು ಹೆಂಡತಿ.

ನನ್ನ ಚಷ್ಮಾದ ಬಟ್ಟೆಯಿಂದ ಮೊಮ್ಮಗಳು ಎರಡೂ ತುದಿ ಒರೆಸಿದಳು. ಕೆಂಪು ಚುಕ್ಕೆ ಮೂಡಿತು. ಸಿಕ್ಕಿಸಿದಳು, ಮೊದಲಿನಿಂದ ಹಚ್ಚಿದಳು.

ಬಂತು ನೋಡಿ! ಎರಡು ಸ್ಪೀಕರಿನಿಂದ ನನ್ನ ಕೂಸಿನ ದನಿ! ಎಳೆ ಸೌತೆಕಾಯಿ ಮುರಿದ ಹಾಗೆ, ಒಂದೊಂದು ಮಾತೂ ಬಿಡಿಬಿಡಿಯಾಗಿ ಕಿವಿಗೆ ಬಿತ್ತು. ನಾನು ಅಳುತ್ತಿದ್ದೆನಂತೆ. ಇರಬಹುದು.

ಎರಡನೆಯ ನುಡಿಯಲ್ಲಿ ದನಿ ಥಟ್ಟನೆ ನಿಂತಿತು. ವಾಯರು ಮತ್ತೆ ಕೆಟ್ಟಿತೆಂದು ನಾನು ಎದ್ದೇಬಿಟ್ಟೆ. ವಾಯರು ಚೆನ್ನಾಗಿಯೇ ಇತ್ತು. ಟಿವಿಯೊಳಗಿನ ಹುಡುಗಿ ತುಟಿ ಕಚ್ಚಿ, ಮೇಲೆ ನೋಡಿ, ಇಡೀ ಸಾಲನ್ನು "ಲಾ ಲಾ ಲಾ" ಎಂದು ದಾಟಿಸಿ ಮುಂದಕ್ಕೆ ಹೋದಳು. ಓಣಿಯವರು ನಕ್ಕರು. ಮೊಮ್ಮಗಳು ನನ್ನ ತೋಳು ಹಿಡಿದಳು.

"ಮುತ್ಯಾ, ಅವತ್ತು ನಿನಗ ಕೇಳ್ಸಿದ್ದಿಲ್ಲ. ಹೌದಿಲ್ಲೋ?"

"ಇಲ್ಲವ್ವಾ."

"ನನಗ ಅವತ್ತೇ ಗೊತ್ತಾಗಿತ್ತು."

"ಮತ್ತ ಯಾಕ ಸುಮ್ಮನಿದ್ದಿ?"

"ನೀ ಭಾಳ ಖುಷಿ ಇದ್ದಿ. ಅದಕ್ಕ." ಆಮೇಲೆ ಗದ್ದ ಎತ್ತಿ, "ಈಗ ಖರೇ ಹೇಳು. ಹ್ಯಾಂಗದ?"

"ಮರ್ತು ಲಾ ಲಾ ಅಂದಿಯಲ್ಲ, ಅದೇ ಎಲ್ಲದಕ್ಕಿಂತ ಛಲೋ ಅದ. ಅಲ್ಲಿಂದ ಮತ್ತ ಹಚ್ಚು."

"ಮುತ್ಯಾ! ಮತ್ತ ಸುಳ್ಳು!"

ಸುಳ್ಳಾಗಿರಲಿಲ್ಲ. ಮತ್ತೆ ಹಚ್ಚಿಸಿದೆ. ನಾಲ್ಕನೆಯ ಸಲಕ್ಕೆ ಓಣಿಯವರು ಹುಗ್ಗಿ ತಿಂದು ಎದ್ದರು, ಐದನೆಯ ಸಲಕ್ಕೆ ಅಳಿಯ ಚಾಪೆಯ ಮೇಲೆ ಮಲಗಿಬಿಟ್ಟ. ಆರನೆಯ ಸಲ ಆ ಜಾಗ ಬಂದಾಗ, ಟಿವಿಯೊಳಗಿನವಳು ಲಾ ಲಾ ಎನ್ನುತ್ತಿರುವಂತೆಯೇ, ಪಕ್ಕದಲ್ಲಿ ಕೂತವಳು ನನ್ನ ಕಿವಿಗೆ ಬಾಯಿ ಹಚ್ಚಿ, ಮರೆತಿದ್ದ ಸಾಲನ್ನು ಗಂಟಲು ಹರಿಯುವ ಹಾಗೆ ಹಾಡಿದಳು. ಹುಗ್ಗಿಯ ಅಗುಳು ಕಿವಿಗೆ ಸಿಡಿಯಿತು. ಒರೆಸಿಕೊಳ್ಳಲಿಲ್ಲ.