ಎಸೆತಕ್ಕೆ ಮಾರ್ಕು

ಕೊಲ್ಲಿ ದೇಶದ ಖೈತಾನ್ ಬಡಾವಣೆಯ ಮರಳು ಮೈದಾನದಲ್ಲಿ ನಮ್ಮ ಶುಕ್ರವಾರದ ಕ್ರಿಕೆಟ್ಟಿಗೆ ಕೀಪರ್ ಆಗಿದ್ದವರು ನಗರದ ಶರ್ಕ್ ಭಾಗದಲ್ಲಿ ಆಫೀಸು ಕೆಲಸದಲ್ಲಿದ್ದ ಮಂಗಳೂರಿನವರು. ಬೌಂಡರಿಯಿಂದ ಯಾರೇ ಚೆಂಡು ಎಸೆಯಲಿ, ಅದನ್ನು ಹಿಡಿದು, ಗ್ಲೌಸ್ ಬಿಚ್ಚಿ, ಅಂಗೈ ಎಷ್ಟು ಕೆಂಪಾಗಿದೆಯೆಂದು ನೋಡಿ ಹತ್ತಕ್ಕೆ ಮಾರ್ಕು ಕೂಗುತ್ತಿದ್ದರು.

"ನಾಲ್ಕು! ತಿಂಡಿ ತಿಂದು ಬರ್ಲಿಲ್ವಾ ಮಾರಾಯ?"

ಏಳರ ಮೇಲೆ ಯಾರಿಗೂ ಕೊಟ್ಟವರಲ್ಲ.

ಒಮ್ಮೆ ಕೊನೆಯ ಚೆಂಡಿಗೆ ಎದುರಾಳಿಗಳಿಗೆ ಎರಡು ರನ್ ಬೇಕಿತ್ತು. ಚೆಂಡು ನಮ್ಮ ಕೀಪರ್ ಕೈತಪ್ಪಿ ಹಿಂದಕ್ಕೆ ಹೋಯಿತು. ತಾವೇ ಓಡಿ, ಹೆಕ್ಕಿ, ಬೀಸಿ ಎಸೆದರು. ಧೂಳುಗಾಳಿ ಬೆನ್ನಿಗಿದ್ದರೂ ಅದು ಪುಟಿಯುತ್ತ, ಉರುಳುತ್ತ ಸ್ಟಂಪಿನವರೆಗೂ ಬರದೆ ನಿಂತಿತು. ನಾವು ಸೋತೆವು.

ಅವರು ಭುಜ ತಿಕ್ಕುತ್ತ ಬಂದು, ಎಂದಿನ ದನಿಯಲ್ಲೇ ಕೂಗಿದರು:

"ಒಂದು! ಅದೂ ಗಾಳಿದ್ದು ಮಾರಾಯ್ರೆ, ನನ್ನದಲ್ಲ."