ಮೂಗಿಗೆ ಸಿಕ್ಕಿಬಿದ್ದ ಗಿಡ

ಬೆಳಗಿನ ಐದೂವರೆ. ನೊಂಗ್‌ಸಿಮ್ ಕೆರೆಯಲ್ಲಿ ಎದೆಮಟ್ಟದ ನೀರಿಗಿಳಿದಿರುವ ಬುವಾಲೈ ಹಸಿರು ದಂಟುಗಳನ್ನು ಬುಡಸಮೇತ ಕಿತ್ತು ಬುಟ್ಟಿಗೆ ತುಂಬುತ್ತಿದ್ದಾರೆ. "ಒಂದು ತುಂಡೂ ತೇಲಿ ಹೋಗ್ಬಾರ್ದು ಕಣ್ರೇ! ಒಂದು ಗೆಣ್ಣು ಉಳಿದ್ರೆ ಸಾಕು, ಕೆರೆಯೆಲ್ಲಾ ಮತ್ತೆ ಅದರದ್ದೇ!" ಎಂದು ಹಿಂದಿರುವ ಹೆಂಗಸರನ್ನು ಗದರುತ್ತಾರೆ. ಅರವತ್ಮೂರರ ಈ ಸೊಪ್ಪು ಮಾರುವ ಹೆಂಗಸಿನ ದನಿಗೆ ಬಾತುಕೋಳಿಗಳು ದಡ ಹತ್ತುತ್ತವೆ. ಇಂದು ಅವರಿಗೆ ಹಬ್ಬ.

ನಲವತ್ತು ವರ್ಷದಿಂದ ಬುವಾಲೈ ಈ ಕೆರೆಯಂಚಿನಲ್ಲಿ ಖಯೇಂಗ್ ಎಂಬ ಘಮದ ಸೊಪ್ಪು ಕೊಯ್ಯುತ್ತಾರೆ, ದಿನಕ್ಕೆ ಅರವತ್ತು ಕಟ್ಟು. ಆ ಘಮ ಬೀಳದಿದ್ದರೆ ಇಲ್ಲಿ ಕಳಲೆ ಸಾರನ್ನು ಯಾರೂ ಸಾರೆನ್ನುವುದಿಲ್ಲ. ಎರಡು ವರ್ಷದ ಹಿಂದೆ ನೀರೊಳಗೆ ಗರಿಯಂಥ ಎಲೆಯ ಗಿಡವೊಂದು ಹಬ್ಬತೊಡಗಿತು. ನೋಡಿದವರೆಲ್ಲ ಅದನ್ನು 'ನೀರು ಖಯೇಂಗ್' ಎಂದರು. ಊರ ಸಮಿತಿ ಹಿಗ್ಗಿ ಫಲಕವನ್ನೇ ನೆಟ್ಟಿತು: 'ನಮ್ಮೂರ ಸೊಪ್ಪು, ಕೀಳಬಾರದು.' ಅದು ಅಂಚಿಗೂ ನುಗ್ಗಿ, ಅಸಲಿ ಸೊಪ್ಪು ಅರವತ್ತರಿಂದ ಹತ್ತು ಕಟ್ಟಿಗಿಳಿಯಿತು.

ಇದಕ್ಕೆ ಘಮವೇ ಇಲ್ಲ, ಹಸಿರಾಗಿರುವುದೆಲ್ಲ ಸೊಪ್ಪಲ್ಲ ಎಂದು ಬುವಾಲೈ ಬಾಯಿ ಬಡಿದುಕೊಂಡರು. ಸಮಿತಿಯ ಮುಖ್ಯಸ್ಥ ಥವಿನ್ ನಕ್ಕುಬಿಟ್ಟ. "ಪಾ, ನಿಮ್ಗೆ ನೆಗಡಿ ಇರ್ಬೇಕು."

ದೊಡ್ಡಮ್ಮನೆಂಬ ಗೌರವಕ್ಕೆ 'ಪಾ' ಎಂದರೇನು, ಮಾತು ಕೇಳಲಿಲ್ಲವಲ್ಲ! ಮುಂದಿನ ಸಮಿತಿ ಸಭೆಗೆ ಅವರು ಎರಡು ಮಡಕೆ ಕಳಲೆ ಸಾರು ಹೊತ್ತೊಯ್ದರು. ಮೊದಲನೆಯದನ್ನು ಅಂಟನ್ನದ ಜೊತೆ ಎಲ್ಲರೂ ಚಪ್ಪರಿಸಿದರು. ಎರಡನೆಯದನ್ನು ಬಾಯಿಗಿಟ್ಟ ಥವಿನ್ ಮುಖ ಹಿಂಡಿದ. "ಇದೇನ್ ಪಾ, ನೂಲು ಬೇಯ್ಸಿದೀರಾ?"

"ನಿನ್ನ ಫಲಕದ ಸೊಪ್ಪೇ ಕಣಪ್ಪಾ. ಚೆನ್ನಾಗಿ ತಿನ್ನು!"

ಸುದ್ದಿ ಕೇಳಿ ಪಟ್ಟಣದ ಕಾಲೇಜಿನ ಸಸ್ಯಶಾಸ್ತ್ರದ ಮೇಡಂ ರಟ್ಟಿಕಾನ್ ಓಡಿಬಂದರು. ಗೆಣ್ಣು ನೋಡಿದರು: ಎಲೆಗಳು ಎದುರುಬದುರು, ಜೋಡಿಜೋಡಿಯಾಗಿ. ಖಯೇಂಗ್ ಜಾತಿಯ ಸ್ಥಳೀಯ ನೀರುಗಿಡದಲ್ಲಾದರೆ ಅವು ಗೆಣ್ಣಿನ ಸುತ್ತಲೂ ಬಳೆಯಂತೆ ಇರಬೇಕಿತ್ತು. "ಇದು ಕಬೊಂಬ, ಪಾ! ಅಮೆರಿಕದ್ದು. ಯಾರೋ ಮೀನಿನ ಗಾಜಿನ ತೊಟ್ಟಿ ತೊಳೆದು ಕೆರೆಗೆ ಸುರಿದಿದ್ದಾರೆ!" ಎಂದು ಅವರು ಕೂಗಿದಾಗ ಬುವಾಲೈ ನಿಂತಲ್ಲೇ ಕುಣಿದುಬಿಟ್ಟರಂತೆ.

ಇಂದು ಫಲಕ ಕಿತ್ತವನು ಥವಿನ್ನೇ. ಈಗ ಅದೇ ಹಲಗೆಯ ಮೇಲೆ ಕಿತ್ತ ಗಿಡ ಒಣಗುತ್ತಿದೆ. ದಡದಲ್ಲಿ ರಟ್ಟಿಕಾನ್ ಕಾಲೇಜಿನ ಸಂಗ್ರಹಕ್ಕೆಂದು ಒಂದು ದಂಟನ್ನು ಕಾಗದಕ್ಕಂಟಿಸಿ, 'ಗುರುತಿಸಿದವರು: ಬುವಾಲೈ' ಎಂದು ಬರೆದು ಓದಿ ಹೇಳುತ್ತಾರೆ.

ಬುವಾಲೈ ದಡ ಹತ್ತಿ, ಒದ್ದೆ ಕೈ ಒರೆಸಿಕೊಂಡು ಆ ಕಾಗದವನ್ನೂ ಮೂಸುತ್ತಾರೆ. "ಹೆಸರು ಇರ್ಲಿ ಮೇಡಂ, ಸಂತೋಷ. ಅದರ ಕೆಳಗೆ 'ವಾಸನೆ ಇಲ್ಲ' ಅಂತಾನೂ ಬರೀರಿ. ಮುಂದೆ ಯಾರೂ ಒಂದು ಮಡಕೆ ಸಾರು ಕೆಡಿಸ್ಕೋಬಾರ್ದು."