ಆಫ್ ಮಾಡದೆ ಇಟ್ಟ ಕಂಪ್ಯೂಟರ್

ಆಸ್ಪತ್ರೆಗೆ ಹೊರಡಲು ಆಟೊ ಹತ್ತುವಾಗ ನನ್ನ ಗಂಡ ಹೇಳಿದ್ದು ಇಷ್ಟೇ: "ಕಂಪ್ಯೂಟರ್ ಆಫ್ ಮಾಡ್ಬೇಡ. ಅಪ್‌ಡೇಟ್ ಇಳೀತಾ ಇದೆ, ಸಂಜೆ ಬಂದು ನೋಡ್ತೀನಿ." ಮೂರನೇ ದಿನ ಆಸ್ಪತ್ರೆಯಲ್ಲೇ ತೀರಿಕೊಂಡರು.

ನಾನು ಆಫ್ ಮಾಡಲಿಲ್ಲ. ಕರ್ಮಗಳೆಲ್ಲ ಮುಗಿದು ನೆಂಟರು ಹೊರಟ ಮೇಲೂ ಪದ್ಮನಾಭನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅದು ಗುಂಯ್ ಎನ್ನುತ್ತಲೇ ಇತ್ತು. ಆ ಕೋಣೆಯಲ್ಲಿ ಅವರು ಗಣಿತದ ಟ್ಯೂಷನ್ ಹೇಳುತ್ತಿದ್ದರು. ತಪ್ಪಿಸಿಕೊಂಡ ಮಕ್ಕಳಿಗೆಂದು ಪಾಠಗಳನ್ನು ಅದರಲ್ಲೇ ರೆಕಾರ್ಡ್ ಮಾಡಿಟ್ಟಿದ್ದರು. ಅವರ ದನಿ ಬೇರೆಲ್ಲೂ ಉಳಿದಿಲ್ಲ. ಆದರೂ ಕೇಳುವ ಧೈರ್ಯ ಬಂದಿರಲಿಲ್ಲ.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಯುಪಿಎಸ್ ಸ್ವಲ್ಪ ಹೊತ್ತು ಕೂಗಿ ಸುಮ್ಮನಾಯಿತು. ಮತ್ತೆ ಆನ್ ಮಾಡಿದರೆ ಒಂದು ಪಾಠವೂ ತೆರೆಯಲಿಲ್ಲ. ಅಪ್‌ಡೇಟ್ ಅಪೂರ್ಣ ಎಂಬ ಸಾಲು ಮಾತ್ರ. ಅವರು ಒಪ್ಪಿಸಿದ್ದ ಕೊನೆಯ ಕೆಲಸವನ್ನೂ ಕೆಡಿಸಿದೆ ಎನಿಸಿತು.

ಜರಗನಹಳ್ಳಿಯ ರಿಪೇರಿ ಅಂಗಡಿ ನಡೆಸುವ ಹೆಂಗಸು ಮನೆಗೇ ಬಂದಳು.

"ಪಾಠ ಕೇಳ್ಸೋ ಪ್ಲೇಯರ್‌ದು ಒಂದು ಫೈಲ್ ಅರ್ಧ ಇಳಿದಿದೆ ಆಂಟಿ. ಅದನ್ನ ಅಳಿಸಿ ಮತ್ತೆ ಇಳಿಸೋಣ."

"ಏನೂ ಅಳಿಸ್ಬೇಡಮ್ಮ!"

"ಅಯ್ಯೋ, ಪಾಠ ಎಲ್ಲಾ ಬೇರೆ ಕಡೆ ಭದ್ರವಾಗಿದೆ, ಇಲ್ನೋಡಿ."

"ಕರೆಂಟ್ ಹೋಗಿದ್ದಕ್ಕೆ ತಾನೆ ಹೀಗಾಗಿದ್ದು?"

ಅವಳು ಫೈಲಿನ ಪಕ್ಕ, ಅದು ಅರ್ಧಕ್ಕೆ ನಿಂತ ದಿನಾಂಕ, ಸಮಯ ತೋರಿಸಿದಳು. ನಾವು ಆಸ್ಪತ್ರೆಗೆ ಹೋದ ದಿನ, ಬೆಳಿಗ್ಗೆ ಒಂಬತ್ತೂವರೆ. ಆಟೊ ಹತ್ತಿದ್ದು ಹತ್ತರ ಮೇಲೆ. ಅವತ್ತು ಪೈಪಿಗೆಂದು ರಸ್ತೆ ಅಗೆಯುವವರು ನೆಟ್ ಕೇಬಲ್ ಕಡಿದಿದ್ದು ಆಮೇಲೆ ಗೊತ್ತಾಗಿತ್ತು. ಅಂದರೆ ನನ್ನ ಗಂಡ ಆಫ್ ಮಾಡಬೇಡ ಎನ್ನುವಾಗಲೇ ಇಳಿಯುವುದು ನಿಂತುಹೋಗಿತ್ತು. ನಾನೇನೂ ಕೆಡಿಸಿರಲಿಲ್ಲ.

"ಇಷ್ಟು ದಿನ ಸುಮ್ನೆ ಆನ್ ಇಟ್ಟಿದ್ರಾ? ಪಾಪ, ಅದಕ್ಕೂ ರೆಸ್ಟ್ ಕೊಡಿ ಆಂಟಿ."

ಬಹಳ ದಿನಗಳ ಮೇಲೆ ನಕ್ಕೆ.

ಹೊಸ ಫೈಲು ನಾವು ಕಾಫಿ ಕುಡಿಯುವಷ್ಟರಲ್ಲಿ ಪೂರ್ತಿ ಇಳಿಯಿತು. ಅವಳು ಹೋದ ಮೇಲೆ ತ್ರಿಕೋನದ ಪಾಠ ಹಾಕಿದೆ. ನಡುವೆ ಗಂಟಲು ಸರಿಮಾಡಿಕೊಂಡು ಅವರು ಹೇಳಿದರು: "ಅರ್ಥ ಆಗ್ಲಿಲ್ವಾ? ಇನ್ನೊಂದ್ಸಲ ಹಾಕ್ಕೊಂಡು ಕೇಳಿ. ನಾನೇನೂ ಬೈಯಲ್ಲ."

ಎರಡು ಸಲ ಕೇಳಿದೆ. ಆಮೇಲೆ ಕಂಪ್ಯೂಟರನ್ನು ನಾನೇ ಆಫ್ ಮಾಡಿದೆ.